ಹಾಡಿನ ಬೀಗ ಮತ್ತು ಅಚೌರ್ಯಾಣುವ್ರತ

2011ರ ದಶಲಕ್ಷಣ ಪರ್ವ ಮುಗಿದ ಮರುವಾರ ನಮ್ಮ ಊರಿನ ಬಸದಿಯ ಟ್ರಸ್ಟಿನ ಲೆಕ್ಕಪತ್ರಗಳನ್ನು ಓದುವ ಸಭೆ ಸೇರಿತ್ತು. ನಮ್ಮದು ಇಂಡಿ ತಾಲೂಕಿನ ಒಂದು ಸಣ್ಣ ಊರು. ಶ್ರಾವಕರ ಮನೆಗಳು ಇಪ್ಪತ್ತನ್ನು ಮೀರುವುದಿಲ್ಲ. ಟ್ರಸ್ಟಿನ ಖಜಾಂಚಿಗಳನ್ನು ಊರೆಲ್ಲ ಕಾಕಾ ಎಂದೇ ಕರೆಯುತ್ತದೆ. ಅವರು ದಲಾಲಿ ಅಂಗಡಿಯಲ್ಲಿ ನಾಲ್ವತ್ತು ವರ್ಷ ಕಿರ್ದಿ, ಖತಾವಣಿ ಬರೆದು ಬಂದವರು. ಬಸದಿಯ ಎಣ್ಣೆಬತ್ತಿಯ ಲೆಕ್ಕವನ್ನೂ ಅದೇ ಶಿಸ್ತಿನಿಂದ ಇಡುವವರು. ಹಿಂದಿನ ವರ್ಷ ನಿತ್ಯಪೂಜೆ ಮತ್ತು ಭಜನೆಗಳ ಒಂದು ಸಿ.ಡಿ.ಯನ್ನು ಟ್ರಸ್ಟಿನ ಹೆಸರಿನಲ್ಲಿ ನಾನೇ ಮುದ್ರಿಸಿಕೊಟ್ಟಿದ್ದೆ. 300 ಪ್ರತಿಗಳು ತಲಾ 30 ರೂಪಾಯಿಯಂತೆ ಮಾರಾಟವಾಗಿ 9,000 ರೂಪಾಯಿ ಬಂದಿತ್ತು. ಅದು ಬಸದಿಯ ಮಾಳಿಗೆಯ ದುರಸ್ತಿಗೆಂದು ಎತ್ತಿಟ್ಟ ಹಣ.

ಕಾಕಾ ಚಾಳೀಸು ಏರಿಸಿಕೊಂಡು ನನ್ನತ್ತ ನೋಡಿದರು. "ಮೈಕಿನ ರಸೀದಿ ಅದ, ವಾಯರಿಂದು ಅದ, ಸಿ.ಡಿ. ಡಬ್ಬೀದೂ ಅದ. ಹಾಡು ತುಂಬೂ ಪ್ರೋಗ್ರಾಮಿಂದು ಎಲ್ಲದ, ತಮ್ಮಾ?"

"ಅದಕ್ಕ ಖರ್ಚು ಬಂದಿಲ್ಲ, ಕಾಕಾ."

"ಖರ್ಚು ಬಂದಿಲ್ಲ ಅಂದ್ರ ಯಾರೋ ದಾನ ಕೊಟ್ಟಿರಬೇಕು. ದಾನದ ಪಟ್ಟಿಯೊಳಗ ಅವರ ಹೆಸರು ಬರೀಬೇಕಲ್ಲ?"

ಅವರ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಹಣ ಕೊಟ್ಟು ತಂದದ್ದಕ್ಕೆ ರಸೀದಿ, ಕೊಡದೆ ಬಂದದ್ದಕ್ಕೆ ದಾನಿಯ ಹೆಸರು. ಅವರು ಬಲ್ಲ ಪದ್ಧತಿ ಇವೆರಡೇ. ಮೂರನೆಯದೊಂದು ಬಗೆ ಇದೆಯೆಂದು ತುಂಬಿದ ಸಭೆಯಲ್ಲಿ ಹೇಳಬೇಕಾದ ಪ್ರಸಂಗ ನನ್ನ ಪಾಲಿಗೆ ಬಂದಿತ್ತು.

ಆ ಮೂರನೆಯ ಬಗೆಯ ವೃತ್ತಾಂತ ಇಷ್ಟು. ನನಗೆ ಎಳವೆಯಿಂದಲೂ ಹಾಡು ಹಿಡಿದಿಡುವ ಗೀಳು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಎಲ್ಲಿ ಭಜನೆ ನಡೆದರೂ, ಎಲ್ಲಿ ಪಂಚಕಲ್ಯಾಣ ಮಹೋತ್ಸವವಾದರೂ ಟೇಪ್ ರೆಕಾರ್ಡರ್ ಹೆಗಲಿಗೇರಿಸಿ ಹೋಗುತ್ತಿದ್ದೆ. ಒಂದು ಕ್ಯಾಸೆಟ್ಟಿನಿಂದ ಮತ್ತೊಂದಕ್ಕೆ ತುಂಬಿಸಿಕೊಳ್ಳುವುದು ಆಗ ಮನೆಮನೆಯ ರೂಢಿ. ಅದನ್ನು ಯಾರೂ ತಪ್ಪೆಂದು ಬಗೆಯುತ್ತಿರಲಿಲ್ಲ. 2005ರಲ್ಲಿ ಸೊಲ್ಲಾಪುರದಿಂದ ಒಂದು ಗಣಕಯಂತ್ರವನ್ನು ತಂದೆ. ಅಂಗಡಿಯವನು ನನ್ನ ಆಸಕ್ತಿಯನ್ನು ಕೇಳಿ ತಿಳಿದು ಒಂದು ಬಿಳಿಯ ಸಿ.ಡಿ.ಯನ್ನು ಕೈಗಿಟ್ಟ, ಅದರ ಮೇಲೆ ಮಸಿಯಿಂದ ತಂತ್ರಾಂಶದ ಹೆಸರನ್ನೂ ಒಂದು ಸಂಖ್ಯೆಯನ್ನೂ ಬರೆದಿತ್ತು. ಬೆಲೆ ನೂರು ರೂಪಾಯಿ. ಮೂಲದ ಬೆಲೆ ಅದರ ಮುನ್ನೂರು ಪಟ್ಟೆಂಬುದು ನನಗೆ ತಿಳಿದದ್ದು ತೀರ ತಡವಾಗಿ.

ಈ ಬಗೆಯ ತಂತ್ರಾಂಶದ ಪರಿಚಯವಿಲ್ಲದ ಓದುಗರಿಗಾಗಿ ಒಂದು ಮಾತು. ಹಿಂದೆ ಹಾಡುಗಾರ, ಹಾರ್ಮೋನಿಯಂ, ತಬಲಾ, ತಾಳ ಎಲ್ಲವೂ ಒಮ್ಮೆಗೇ ತಪ್ಪಿಲ್ಲದೆ ನಡೆದರೆ ಮಾತ್ರ ಹಾಡು ಕೂಡಿಬರುತ್ತಿತ್ತು. ಗಣಕಯಂತ್ರದಲ್ಲಿ ಒಂದೊಂದನ್ನೂ ಬೇರೆ ಬೇರೆ ಸಾಲಿನಲ್ಲಿ ತುಂಬಿ, ತಪ್ಪಿದ ಸಾಲನ್ನಷ್ಟೇ ಮತ್ತೆ ಹಾಡಿಸಿ, ಕೊನೆಗೆ ಎಲ್ಲವನ್ನೂ ಹದವಾಗಿ ಬೆರೆಸಬಹುದು. ಹಗಲೆಲ್ಲ ಹೊಲದಲ್ಲಿ ದುಡಿದು ರಾತ್ರಿ ಹಾಡಲು ಕೂಡುವ ನಮ್ಮ ಭಜನಾ ಮಂಡಳಿಯವರಿಗೆ, ನಡುನಡುವೆ ಕರೆಂಟು ಹೋಗುವ ನಮ್ಮ ಊರುಗಳಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಆರು ವರ್ಷ ಆ ಬಿಳಿಯ ಸಿ.ಡಿ.ಯ ಬಲದಿಂದಲೇ ನನ್ನ ಕೆಲಸ ನಡೆಯಿತು. ಪಂಚಾಣುವ್ರತಗಳನ್ನು ಕುರಿತ ಒಂದು ಹಾಡನ್ನು ಅದರಲ್ಲಿಯೇ ಮುದ್ರಿಸಿದ್ದೆನೆಂದು ಈಗ ನೆನೆದರೆ ನಾಚಿಕೆಯಾಗುತ್ತದೆ, ಆಗ ಆಗಿರಲಿಲ್ಲ.

ಏಕೆ ಆಗಿರಲಿಲ್ಲ? ಬೇರೊಬ್ಬರ ಕಣಜದಿಂದ ಒಂದು ಸೇರು ಜೋಳ ತೆಗೆದರೆ ಅವರ ಕಣಜದಲ್ಲಿ ಒಂದು ಸೇರು ಕಡಿಮೆಯಾಗುತ್ತದೆ. ನಾನು ತಂದದ್ದರಿಂದ ಯಾರ ಕಣಜವೂ ಬರಿದಾದಂತೆ ಕಾಣಲಿಲ್ಲ. ಆದರೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಕಳವನ್ನು ವಿವರಿಸುವಾಗ ಕಳೆದುಕೊಂಡವನ ನಷ್ಟವನ್ನು ಅಳೆಯುವುದಿಲ್ಲ. ಕೊಡದಿದ್ದುದನ್ನು ತೆಗೆದುಕೊಂಡದ್ದು, ಅಂದರೆ ಅದತ್ತಾದಾನ, ಅಷ್ಟೇ ಅವರ ಲಕ್ಷಣ. ಅಲ್ಲಿಯೇ ಮುಂದೆ ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಕಳವಿಗೆ ಪ್ರೇರಿಸುವ ಸ್ತೇನಪ್ರಯೋಗ, ಕದ್ದ ಮಾಲನ್ನು ಕೊಳ್ಳುವ ತದಾಹೃತಾದಾನ, ರಾಜ್ಯದ ಕಟ್ಟಳೆಯನ್ನು ಮೀರುವ ವಿರುದ್ಧರಾಜ್ಯಾತಿಕ್ರಮ, ತೂಕ ಅಳತೆಗಳಲ್ಲಿ ಮೋಸ, ಅಸಲಿನ ಹೆಸರಿನಲ್ಲಿ ನಕಲನ್ನು ನಡೆಸುವ ಪ್ರತಿರೂಪಕವ್ಯವಹಾರ. ತೂಕದ ಮೋಸವೊಂದನ್ನು ಬಿಟ್ಟರೆ ಉಳಿದ ನಾಲ್ಕೂ ನೂರು ರೂಪಾಯಿಯ ಆ ಒಂದೇ ತಟ್ಟೆಯಲ್ಲಿ ಕೂಡಿದ್ದವು. ರಾಜ್ಯದ ಕಟ್ಟಳೆಯ ಮಾತಿಗೂ ಸಂಶಯವಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಆದ ತಿದ್ದುಪಡಿಯಂತೆ, ಗಣಕಯಂತ್ರದ ತಂತ್ರಾಂಶದ ಕಳ್ಳಪ್ರತಿಯನ್ನು ತಿಳಿದೂ ತಿಳಿದೂ ಬಳಸುವುದಕ್ಕೆ ಕನಿಷ್ಠ ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸೆರೆವಾಸವುಂಟು, 50,000 ರೂಪಾಯಿಯಿಂದ ಎರಡು ಲಕ್ಷದವರೆಗೆ ದಂಡವುಂಟು. ವ್ಯಾಪಾರದ ಲಾಭಕ್ಕಾಗಿ ಬಳಸದಿದ್ದರೆ ಸೆರೆವಾಸವನ್ನು ಬಿಟ್ಟು 50,000ದೊಳಗಿನ ದಂಡವನ್ನಷ್ಟೇ ವಿಧಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ನಮ್ಮ ಸಿ.ಡಿ.ಯೋ ಮಾರಾಟವಾಗಿತ್ತು.

ಸಭೆಯಲ್ಲಿ ಇದ್ದುದನ್ನು ಇದ್ದಂತೆ ಹೇಳಿದೆ. ಯಾರೂ ಬೈಯಲಿಲ್ಲ, ಇಬ್ಬರು ಹಿರಿಯರು "ಎಲ್ಲಾರೂ ಮಾಡ್ತಾರ, ಬಿಡ್ರಿ" ಎಂದರು. ಕಾಕಾ ಮಾತ್ರ 9,000 ರೂಪಾಯಿಯನ್ನು ದುರಸ್ತಿಯ ಖಾತೆಯಿಂದ ಹೊಡೆದುಹಾಕಿ ಅನಾಮತ್ತಿನ ಖಾತೆಗೆ ಬರೆದುಕೊಂಡರು. ಯಾರಿಗೆ ಸಲ್ಲಬೇಕೆಂಬುದು ನಿಶ್ಚಯವಾಗದ ಹಣವನ್ನು ಇಡುವ ಸ್ಥಳವದು.

ಮರುವರ್ಷ ತೊಗರಿ ಮಾರಿದ ಹಣದಿಂದ ಅದೇ ತಂತ್ರಾಂಶದ ಹೊಸ ಆವೃತ್ತಿಯನ್ನು ಸುಮಾರು 30,000 ರೂಪಾಯಿ ಕೊಟ್ಟು ತರಿಸಿದೆ. ಹಿಂದಿನ ಆರು ವರ್ಷಗಳ ಬಳಕೆಗೆ ಏನು ಕೊಡಬೇಕೆಂದು ಆ ಸಂಸ್ಥೆಗೆ ಪತ್ರವನ್ನೂ ಬರೆದೆ. ಹಳೆಯ ಆವೃತ್ತಿಯ ಮಾರಾಟ ನಿಂತಿದೆ, ಅದಕ್ಕೆ ಹಣ ಪಡೆಯುವ ವ್ಯವಸ್ಥೆ ತಮ್ಮಲ್ಲಿಲ್ಲ ಎಂಬ ಎರಡು ಸಾಲಿನ ಉತ್ತರ ಬಂತು. ನನ್ನ ಮಟ್ಟಿಗೆ ಋಣ ತೀರಿತೆಂದುಕೊಂಡೆ. ಕಾಕಾ ಒಪ್ಪಲಿಲ್ಲ. "ನೀ ಈಗ ಕೊಟ್ಟದ್ದು ಮುಂದಿನ ಬಾಬತ್ತು. ಇದು ಹಿಂದಿನ ಬಾಬತ್ತು."

ಪ್ರಾಮಾಣಿಕ ಗಿರಾಕಿಯ ಪಾಡು ಏನೆಂಬುದು ನನಗೆ ತಿಳಿಯಲಾರಂಭಿಸಿದ್ದು ಆಮೇಲೆ. ಪೆಟ್ಟಿಗೆಯೊಳಗೆ ಸಿ.ಡಿ.ಯ ಜೊತೆಗೆ ಬೆರಳುದ್ದದ ಒಂದು ಕೀಲಿಕೈ ಇತ್ತು. ಅದನ್ನು ಯಂತ್ರದ ಹಿಂಬದಿಯ ಕಿಂಡಿಗೆ ಸಿಕ್ಕಿಸಿದ ಹೊರತು ತಂತ್ರಾಂಶ ತೆರೆಯದು. ತಂತ್ರಾಂಶದ ಮುನ್ನೆಚ್ಚರಿಕೆಯ ಪ್ರತಿಯನ್ನು ಮಾಡಿಕೊಳ್ಳಲು ನಮ್ಮ ಕಾಯಿದೆಯೇ ಹಕ್ಕುಳ್ಳ ಬಳಕೆದಾರನಿಗೆ ಅವಕಾಶ ಕೊಟ್ಟಿದೆ. ಆದರೆ ಆ ಕೀಲಿಕೈಗೆ ಪ್ರತಿ ಎಂಬುದಿಲ್ಲ. ಒಮ್ಮೆ ಸಿಂದಗಿಯ ಹತ್ತಿರದ ಒಂದು ಊರಿಗೆ ಸಾಮಾನು ಸರಂಜಾಮು ಹೊತ್ತುಕೊಂಡು ಹೋದೆ. ಹದಿನಾಲ್ಕು ಜನ ಹಾಡುವವರು ಸ್ನಾನ ಮಾಡಿ, ಶುಭ್ರ ವಸ್ತ್ರ ಉಟ್ಟು ಕುಳಿತಿದ್ದರು. ಕೀಲಿಕೈ ಮನೆಯ ಯಂತ್ರದಲ್ಲಿಯೇ ಉಳಿದಿತ್ತು. ಸಂಜೆಯ ಬಸ್ಸಿಗೆ ಮರಳಿದೆ. ಅದೇ ಊರಿನ ಹುಡುಗನೊಬ್ಬ ಕಳ್ಳಪ್ರತಿಯಿದ್ದ ತನ್ನ ಲ್ಯಾಪ್‌ಟಾಪಿನಲ್ಲಿ ಅವರ ಹಾಡುಗಳನ್ನೆಲ್ಲ ಆ ರಾತ್ರಿಯೇ ಮುದ್ರಿಸಿ ಮುಗಿಸಿದನಂತೆ. ಬೀಗವನ್ನು ಹಾಕಿದ್ದು ಅವನಿಗಾಗಿ. ಹೊರಗೆ ನಿಂತವನು ನಾನು.

ಸಂಸ್ಥೆಗಳ ಪರವಾಗಿಯೂ ಹೇಳಬೇಕಾದ ಮಾತುಂಟು. ಇಂಥ ತಂತ್ರಾಂಶವನ್ನು ಕೊಳ್ಳುವವರು ಲೋಕದಲ್ಲಿ ಬಹಳ ಜನರಿಲ್ಲ. ಬರೆಯುವವರ ವರ್ಷಗಟ್ಟಲೆಯ ಶ್ರಮಕ್ಕೆ ಆ ಕೆಲವರೇ ಆಧಾರ. ಬೀಗವಿಲ್ಲದಿದ್ದರೆ ನಮ್ಮಂಥವರು ಏನು ಮಾಡುತ್ತೇವೆಂಬುದಕ್ಕೆ ನನ್ನ ಆರು ವರ್ಷಗಳೇ ಸಾಕ್ಷಿ. ಆದರೆ ಬೀಗದ ಆಯುಷ್ಯ ಹಾಡಿನ ಆಯುಷ್ಯಕ್ಕಿಂತ ಕಿರಿದು. ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆ ಇಂಥ ಕೀಲಿಕೈಯ ಪದ್ಧತಿಯನ್ನು 2022ರಿಂದ ಕೈಬಿಡುತ್ತ ಬಂದು, ಅದರ ಹಳೆಯ ಸೇವೆಯನ್ನು 2025ರ ಮೇ ತಿಂಗಳಲ್ಲಿ ಮುಚ್ಚಿತು. ಕೇಕ್‌ವಾಕ್ ಎಂಬ ಹೆಸರಾಂತ ತಂತ್ರಾಂಶವನ್ನು ಅದರ ಒಡೆತನ ಹೊಂದಿದ್ದ ಗಿಬ್ಸನ್ ಸಂಸ್ಥೆ 2017ರ ನವೆಂಬರಿನಲ್ಲಿ ಒಮ್ಮೆಗೇ ನಿಲ್ಲಿಸಿದಾಗ ಹಣ ತೆತ್ತ ಬಳಕೆದಾರರು ಕಂಗೆಟ್ಟರು. 2018ರ ಫೆಬ್ರುವರಿಯಲ್ಲಿ ಬ್ಯಾಂಡ್‌ಲ್ಯಾಬ್ ಅದನ್ನು ಕೊಂಡು ಉಚಿತವಾಗಿ ಕೊಟ್ಟದ್ದು ಅವರ ಅದೃಷ್ಟ. ಎಲ್ಲ ಹಾಡುಗಳಿಗೂ ಅಂಥ ಅದೃಷ್ಟ ಇರುವುದಿಲ್ಲ.

ಮುದ್ದೇಬಿಹಾಳ ತಾಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ದೂರದ ಬಂಧುವಾದ ಒಬ್ಬ ಅಜ್ಜಿ ಇದ್ದರು. ತೊಟ್ಟಿಲ ಹಾಡು, ಜಿನಜನ್ಮಾಭಿಷೇಕದ ಹಾಡು, ಮದುವೆಯ ಸುರಿಗೆಯ ಹಾಡು ಹೀಗೆ ಹನ್ನೊಂದು ಹಾಡುಗಳು ಅವರ ಬಾಯಲ್ಲಿ ಮಾತ್ರ ಉಳಿದಿದ್ದವು. ಅವರು ಓದು ಬರೆಹ ಕಲಿತವರಲ್ಲ. 2016ರ ಚಳಿಗಾಲದಲ್ಲಿ ಮೂರು ದಿನ ಅವರ ಮನೆಯ ಒಳಕೋಣೆಯಲ್ಲಿ ಗೋಡೆಗೆ ಕೌದಿಗಳನ್ನು ತೂಗುಹಾಕಿ ಆ ಹಾಡುಗಳನ್ನು ಮುದ್ರಿಸಿಕೊಂಡೆ. ವಯಸ್ಸು ಎಂಬತ್ತನ್ನು ದಾಟಿತ್ತು; ಉಸಿರು ಒಂದು ನುಡಿಗಿಂತ ಹೆಚ್ಚು ನಿಲ್ಲುತ್ತಿರಲಿಲ್ಲ. ಒಂದು ನುಡಿ ಹಾಡುವರು, ನೀರು ಕುಡಿಯುವರು, ಮರೆತದ್ದು ನೆನಪಾಗಿ ಹಿಂದಿನದನ್ನು ಮತ್ತೆ ಹಾಡುವರು. ಅವೆಲ್ಲವನ್ನೂ ಸಾಲಾಗಿ ಜೋಡಿಸಿ, ಯಾವ ನುಡಿಯ ಹಿಂದೆ ಯಾವುದು ಎಂಬುದನ್ನು ಅವರಿಗೇ ಕೇಳಿಸಿ ಒಪ್ಪಿಗೆ ಪಡೆದು ಇಟ್ಟಿದ್ದೆ. ಕೊನೆಯ ಹದಗೊಳಿಸುವ ಕೆಲಸವೊಂದು ಉಳಿದಿತ್ತು. ಇಂದು ನಾಳೆ ಎನ್ನುತ್ತ ಎರಡು ವರ್ಷ ಕಳೆದೆ. 2018ರಲ್ಲಿ ಅಜ್ಜಿ ತೀರಿಕೊಂಡರು. ಅದೇ ವರ್ಷ ದೀಪಾವಳಿಯ ಕಸ ತೆಗೆಯುವಾಗ ಕಸಬರಿಗೆಯ ಹಿಡಿಕೆ ತಗುಲಿ ಯಂತ್ರದ ಹಿಂದಿದ್ದ ಕೀಲಿಕೈ ಮುರಿಯಿತು.

ಸಂಸ್ಥೆಗೆ ಬರೆದೆ. ಮುರಿದ ತುಣುಕನ್ನು ನನ್ನ ಖರ್ಚಿನಲ್ಲಿ ಪರದೇಶಕ್ಕೆ ಕಳುಹಿಸಬೇಕು. ಆದರೆ ನನ್ನ ಆವೃತ್ತಿ ಹಳೆಯದಾದ್ದರಿಂದ ಅದನ್ನು ತುಂಬಿಕೊಡಲಾಗದು. ಹೊಸ ಆವೃತ್ತಿಯನ್ನು ಕೊಳ್ಳುವುದು ಒಳ್ಳೆಯದು. ಮೂರು ವಾರಗಳಲ್ಲಿ ಐದು ಪತ್ರಗಳು ಬಂದವು. ಎಲ್ಲವೂ ವಿನಯದಿಂದ ಕೂಡಿದ್ದವು, ಎಲ್ಲದರ ಸಾರವೂ ಒಂದೇ. ಆ ವರ್ಷ ಮಳೆ ಕೈಕೊಟ್ಟಿತ್ತು. ಮತ್ತೊಮ್ಮೆ ಅಷ್ಟು ಹಣ ನನ್ನಲ್ಲಿರಲಿಲ್ಲ.

ಸಿಂದಗಿಯಲ್ಲಿ ಧ್ವನಿವರ್ಧಕಗಳನ್ನು ಬಾಡಿಗೆಗೆ ಕೊಡುವ ಗೆಳೆಯನೊಬ್ಬ ಸಂಗತಿ ತಿಳಿದು ಮನೆಗೇ ಬಂದ. "ಅಣ್ಣಾ, ನೀವು ರೊಕ್ಕಾ ಕೊಟ್ಟು ತಗೊಂಡೀರಿ. ರಸೀದಿ ಅದ. ಇದನ್ನ ಹಾಕ್ರಿ, ಹತ್ತು ನಿಮಿಷದಾಗ ತೆರೀತದ. ಇದರಾಗ ಕಳವೇನು ಬಂತ್ರೀ?" ಎಂದು ಒಂದು ಪೆನ್ ಡ್ರೈವನ್ನು ಮೇಜಿನ ಮೇಲಿಟ್ಟು ಹೋದ. ಅದರಲ್ಲಿ ಬೀಗ ಒಡೆದ ಅದೇ ಆವೃತ್ತಿ ಇತ್ತು. ಅವನ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. 2012ರ ತಿದ್ದುಪಡಿಯಿಂದ ತಾಂತ್ರಿಕ ಬೀಗವನ್ನು ಮುರಿಯುವುದೂ ಎರಡು ವರ್ಷಗಳವರೆಗಿನ ಶಿಕ್ಷೆಗೆ ಗುರಿಯಾಗಿದೆ. ಆದರೆ ಕಾಯಿದೆ ಹೇಳುವುದು ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಮುರಿಯುವವನ ಮಾತು. ನನ್ನ ಉದ್ದೇಶ ಅಜ್ಜಿಯ ಹಾಡು ತೆಗೆಯುವುದಷ್ಟೇ.

ಮೂರು ದಿನ ಆ ಪೆನ್ ಡ್ರೈವ್ ಮೇಜಿನ ಸೆಳೆಖಾನೆಯಲ್ಲಿತ್ತು. ನಾಲ್ಕನೆಯ ದಿನ ಬಸವನ ಬಾಗೇವಾಡಿಗೆ ಹೋದೆ. ನನಗೆ ಬಾಲ್ಯದಲ್ಲಿ ಸ್ವಾಧ್ಯಾಯ ಮಾಡಿಸಿದ ಗುರುಗಳು ನಿವೃತ್ತರಾಗಿ ಅಲ್ಲಿ ಮಗನ ಮನೆಯಲ್ಲಿದ್ದರು. ಎಲ್ಲವನ್ನೂ ಕೇಳಿಕೊಂಡು ಅವರು ಹೇಳಿದರು: "ನಿನ್ನ ಮನೀ ಕೀಲಿಕೈ ಮುರದ್ರ ನಿನ್ನ ಕೀಲಿ ನೀ ಒಡಿಯೂದು ಕಳವಲ್ಲ. ಆದ್ರ ಊರೆಲ್ಲಾ ಕೀಲಿ ಒಡದು ಮಾರೂ ಮನಿಷ್ಯಾನ್ನ ಕರದು ಒಡಿಸಿದಿ ಅಂದ್ರ ಅವನ ಕಸುಬಿಗೆ ನೀ ಗಿರಾಕಿ ಆದಿ. ಹಾಡು ನಿಂದು ಖರೆ. ಕೈ ಯಾರದು?"

ನಾನು ಸುಮ್ಮನಾಗಲಿಲ್ಲ. ವಾದಕ್ಕೆ ಮೂಡಬಿದಿರೆಯನ್ನು ಎಳೆದು ತಂದೆ. ಈ ಕಥೆ ಹಲವು ಓದುಗರಿಗೆ ಗೊತ್ತಿರಬಹುದು. ವೀರಸೇನಾಚಾರ್ಯರ ಧವಲಾ, ಅದರ ಮುಂದಿನ ಜಯಧವಲಾ ಟೀಕೆಗಳ ತಾಳೆಗರಿಯ ಪ್ರತಿಗಳು ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದಿದ್ದವು. ಯಾತ್ರಿಕರಿಗೆ ಅವುಗಳ ದರ್ಶನ ಸಿಗುತ್ತಿತ್ತು, ಓದುವ ಅವಕಾಶವಿರಲಿಲ್ಲ. ನಮ್ಮ ನೆರೆಯ ಸೊಲ್ಲಾಪುರದ ಸೇಠ್ ಹೀರಾಚಂದ ನೇಮಚಂದರಂಥವರು ಪ್ರಯತ್ನಪಟ್ಟ ಮೇಲೆ 19ನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ಆರಂಭವಾಯಿತು; ಆದರೆ ಆ ಪ್ರತಿಗಳೂ ಬಸದಿಯ ಹೊರಗೆ ಹೋಗುವಂತಿರಲಿಲ್ಲ. ಪ್ರತಿ ಮಾಡುತ್ತಿದ್ದ ಗಜಪತಿ ಉಪಾಧ್ಯಾಯರು ಗುಟ್ಟಾಗಿ ಇನ್ನೊಂದು ಪ್ರತಿಯನ್ನೂ ಸಿದ್ಧಪಡಿಸಿದರು. ಅದು ಉತ್ತರದ ಸಹಾರನಪುರವನ್ನು ಸೇರಿತು. ಅಲ್ಲಿ ನಾಗರಿ ಲಿಪಿಗೆ ಇಳಿಸಿದ ಪಂಡಿತರಿಂದ ಮತ್ತೆ ಗುಟ್ಟಿನಲ್ಲಿ ಬೇರೆ ಪ್ರತಿಗಳು ಹರಡಿದವು. ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಧವಲಾದ ಮೊದಲ ಸಂಪುಟ ಅಚ್ಚಾದುದು ಈ ಗುಟ್ಟಿನ ಪ್ರತಿಯ ವಂಶದಿಂದ. "ಅದು ಕಳವಾಗಿದ್ದರೆ ನಾವು ಇಂದು ಓದುವ ಸಿದ್ಧಾಂತವೆಲ್ಲ ಕಳವಿನ ಫಲವಲ್ಲವೇ?" ಎಂದು ಕೇಳಿದೆ.

ಗುರುಗಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಬರದ ಆಚಾರ್ಯರು ಬೆಲಿ ಕೇಳಿರಲಿಲ್ಲ. ಇದನ್ನ ಬರದವ ಕೇಳ್ಯಾನ" ಎಂದರು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ್ದನ್ನು ಅವರೇ ನೆನಪಿಸಿದರು. ಪ್ರತಿ ಮಾಡುವುದು ನಮ್ಮಲ್ಲಿ ಶಾಸ್ತ್ರದಾನವೆಂಬ ಪುಣ್ಯಕಾರ್ಯ. ಆದರೆ ಆಕೆ ಬರೆಯುವವರ ಕೂಲಿಯನ್ನು ತಾನು ಹೊತ್ತುಕೊಂಡು ದಾನ ಮಾಡಿದಳು ಎಂದರು. ನನಗೆ ಈ ಉತ್ತರ ಪೂರ್ಣವಾಗಿ ಒಪ್ಪಿಗೆಯಾಗಲಿಲ್ಲ. ನಾನೂ ಕೂಲಿ ಕೊಟ್ಟವನೇ ಅಲ್ಲವೇ? ಈಗಲೂ ಆ ಪ್ರಶ್ನೆ ನನ್ನಲ್ಲಿ ಇದೆ. ಗಜಪತಿ ಉಪಾಧ್ಯಾಯರನ್ನು ಕಳ್ಳರೆನ್ನಲು ನಾಲಗೆ ಏಳುವುದಿಲ್ಲ. ಆದರೆ ಗುರುಗಳು ಮೊದಲು ಆಡಿದ "ಕೈ ಯಾರದು" ಎಂಬ ಮಾತು ಮಾತ್ರ ಬಸ್ಸಿನಲ್ಲಿಯೂ ಬಿಡಲಿಲ್ಲ. ನಾನು ಕೊಂಡದ್ದನ್ನು ನಾನು ತೆರೆದರೆ ನನ್ನ ಪಾಡು. ಅದೇ ಕೈ ನಾಳೆ ಹತ್ತು ಹುಡುಗರಿಗೆ ಬಿಳಿಯ ಸಿ.ಡಿ. ಮಾರುವ ಕೈ. ಪೆನ್ ಡ್ರೈವನ್ನು ಗೆಳೆಯನಿಗೆ ಹಿಂದಿರುಗಿಸಿದೆ. ಅವನು ನಕ್ಕ, ಕೋಪಿಸಿಕೊಳ್ಳಲಿಲ್ಲ.

ಹಾಡು ಸಂಪೂರ್ಣ ಬೀಗದೊಳಗೆ ಇರಲಿಲ್ಲವೆಂಬುದು ನನಗೆ ಹೊಳೆದದ್ದು ಆಮೇಲೆ. ಹಾಡಿಸಿದ ಪ್ರತಿಯೊಂದು ತುಣುಕನ್ನೂ ತಂತ್ರಾಂಶ ಒಂದು ಕಡತಕೋಶದಲ್ಲಿ ವೇವ್ ಎಂಬ ಸಾಮಾನ್ಯ ರೂಪದಲ್ಲಿ ಇಟ್ಟಿರುತ್ತದೆ. ಅದನ್ನು ಯಾವ ಯಂತ್ರವೂ ನುಡಿಸಬಲ್ಲದು. ಬೀಗದೊಳಗೆ ಉಳಿದದ್ದು ಜೋಡಣೆ. ಧ್ವನಿ ಸಿಕ್ಕಿತು, ಕ್ರಮ ಸಿಗಲಿಲ್ಲ. ಹೀಗೆ 312 ತುಣುಕುಗಳು, ಬರಿಯ ಸಂಖ್ಯೆಗಳ ಹೆಸರಿನಲ್ಲಿ. ಅಡಾಸಿಟಿ ಎಂಬ ಉಚಿತ ತಂತ್ರಾಂಶವನ್ನು ಇಳಿಸಿಕೊಂಡೆ. 2000ದಿಂದ ಲೋಕಕ್ಕೆ ದೊರೆಯುತ್ತಿರುವ ಅದನ್ನು ಯಾರೂ ಬಳಸಬಹುದು, ಪ್ರತಿ ಮಾಡಿ ಹಂಚಬಹುದು. ತಿದ್ದಿ ಹಂಚುವವರು ಮುಂದಿನವರಿಗೂ ಅದೇ ಸ್ವಾತಂತ್ರ್ಯವನ್ನು ಕೊಡಬೇಕೆಂಬುದೊಂದೇ ಅದರ ಪರವಾನಿಗೆಯ ಮುಖ್ಯ ಕಟ್ಟು. ಅದರಲ್ಲಿ ಹತ್ತೊಂಬತ್ತು ರಾತ್ರಿ ಕುಳಿತೆ. ಅಜ್ಜಿಯ ಸೊಸೆ ಮುದ್ದೇಬಿಹಾಳದಿಂದ ದೂರವಾಣಿಯಲ್ಲಿ ಕೇಳಿ ಕೇಳಿ, "ಇದರ ಹಿಂದ ಆನಿ ಬರೂ ನುಡಿ ಬರಬೇಕ್ರಿ" ಎಂದು ಹೇಳಿಕೊಡುತ್ತಿದ್ದರು. ಹತ್ತು ಹಾಡುಗಳು ಕೂಡಿಬಂದವು. ಹನ್ನೊಂದನೆಯದರ ಕೊನೆಯ ಎರಡು ನುಡಿಗಳಲ್ಲಿ ಯಾವುದು ಮುಂದೆ ಯಾವುದು ಹಿಂದೆ ಎಂಬುದು ಸೊಸೆಗೂ ತಿಳಿಯದು, ನನಗೂ ನೆನಪಿಲ್ಲ. ಅಜ್ಜಿ ಒಪ್ಪಿದ ಕ್ರಮ ಮುರಿದ ಕೀಲಿಕೈಯ ಹಿಂದೆ ಉಳಿಯಿತು.

ಬಸದಿಗಳ ಟ್ರಸ್ಟಿನವರು ಈಗ ಪ್ರವಚನ, ಪೂಜೆಗಳನ್ನು ಮುದ್ರಿಸಿ ಇಡುತ್ತಿರುವುದರಿಂದ ಅನುಭವದ ಎರಡು ಮಾತು. ಕೆಲಸ ಮುಗಿದ ದಿನವೇ ಪ್ರತಿ ಸಾಲನ್ನೂ ಆರಂಭದಿಂದ ಕೊನೆಯವರೆಗೆ ಒಂದೇ ಉದ್ದದ ವೇವ್ ಕಡತವಾಗಿ ಹೊರತೆಗೆದು ಎರಡು ಕಡೆ ಇಡಿರಿ. ಆಗ ತಂತ್ರಾಂಶ ಹೋದರೂ ಕ್ರಮ ಹೋಗದು. ಪರವಾನಿಗೆಯನ್ನು ಉತ್ಸಾಹಿ ಹುಡುಗನ ಸ್ವಂತ ಇ-ಮೇಲಿಗೆ ಕೊಳ್ಳದೆ ಟ್ರಸ್ಟಿನ ಹೆಸರಿಗೆ ಕೊಳ್ಳಿರಿ. ಹುಡುಗ ನೌಕರಿಗೆಂದು ಬೆಂಗಳೂರಿಗೋ ಪುಣೆಗೋ ಹೋದರೆ ಕೀಲಿಕೈ ಅವನ ಜೊತೆಗೇ ಹೋಗುತ್ತದೆ.

ಈಗ ನಾನು ಬಳಸುವುದು ರೀಪರ್ ಎಂಬ ತಂತ್ರಾಂಶ. ಅರವತ್ತು ದಿನ ಪರೀಕ್ಷಿಸಿ ನೋಡಿ, ಬಳಸುವುದಾದರೆ ಹಣ ಕೊಡಿ ಎಂಬುದು ಅವರ ಕರಾರು. ನಮ್ಮಂಥ ಸಣ್ಣವರಿಗೆ 60 ಡಾಲರು. ಅರವತ್ತು ದಿನ ಕಳೆದರೂ ಅದು ಮುಚ್ಚಿಕೊಳ್ಳುವುದಿಲ್ಲ. ತೆರೆಯುವಾಗ ಕೆಲವು ಕ್ಷಣ ನೆನಪು ಮಾಡಿಕೊಟ್ಟು, ಎಲ್ಲ ಕೆಲಸವನ್ನೂ ಎಂದಿನಂತೆ ಮಾಡಿಕೊಡುತ್ತದೆ. ನಿಜ ಹೇಳಬೇಕೆಂದರೆ ನಾನು ಅದನ್ನು ನಾಲ್ಕು ತಿಂಗಳು ಹಾಗೆಯೇ ಬಳಸಿದೆ. ಬೀಗದ ಮೇಲೆ ಸಿಟ್ಟಾಗಿದ್ದವನಿಗೆ ಬೀಗವಿಲ್ಲದ ಬಾಗಿಲಲ್ಲಿ ನಿಂತಾಗ ಮತ್ತೆ ಅದೇ ಹಳೆಯ ಆಲಸ್ಯ. ಕೊನೆಗೆ ಹಣ ತುಂಬಿ ರಸೀದಿಯನ್ನು ಕಾಗದದ ಮೇಲೆ ತೆಗೆಸಿ ಕಾಕಾ ಅವರ ಬಳಿಗೆ ಒಯ್ದೆ.

ಅವರಿಗೀಗ ಕಣ್ಣು ಸರಿಯಾಗಿ ಕಾಣದು. ಮೊಮ್ಮಗಳು ಓದಿ ಹೇಳಿದಳು.

"ಇದರ ಕೀಲಿಕೈ ಎಲ್ಲದ?" ಎಂದರು.

"ಇದಕ್ಕ ಕೀಲಿನ ಇಲ್ಲ, ಕಾಕಾ."

"ಕೀಲಿ ಇಲ್ಲದ್ದಕ್ಕ ರೊಕ್ಕಾ ಕೊಟ್ಟಿ?" ಎಂದು ಸ್ವಲ್ಪ ಹೊತ್ತು ಯೋಚಿಸಿ, ಬರೆದುಕೋ ಎಂದು ಮೊಮ್ಮಗಳಿಗೆ ಹೇಳಿದರು. ಆಮೇಲೆ ಅನಾಮತ್ತಿನ ಪುಟವನ್ನು ತೆಗೆಯಿಸಿದರು. ಆ 9,000 ರೂಪಾಯಿ ಅಲ್ಲಿಯೇ ಇದೆ. ಪಡೆಯಬೇಕಾದವರು ಬೇಡವೆಂದಿದ್ದಾರೆ, ಮಾಳಿಗೆಗೆ ಹಾಕಲು ಕಾಕಾ ಒಪ್ಪುವುದಿಲ್ಲ. ಈ ವರ್ಷವೂ ಅದನ್ನು ಮುಂದಿನ ಪುಟಕ್ಕೆ ಒಯ್ದು ಬರೆದೆವು.